ಆರನೇ ತರಗತಿಗೆ ಮಗಳನ್ನು ಇದೇ ಸರ್ಕಾರಿ ಶಾಲೆಯಲ್ಲಿ ಮುಂದುವರಿಸಲಾ, ಬಿಡಿಸಲಾ?

ತೊಟ್ಟಂ ಅಮ್ಮ

ಎಲ್ಲರಿಗೂ ನಮಸ್ಕಾರ. ಮಲ್ಪೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು ಐದನೇ ತರಗತಿ. ಶಾಲೆಯ ಹೆಸರು ಬೇಡ. ಒಂದನೇ ತರಗತಿಯಿಂದ ಇಲ್ಲೇ ಓದಿದ್ದು, ಚೆನ್ನಾಗಿಯೇ ಓದುತ್ತಾಳೆ. ತಲೆಬಿಸಿ ಶುರುವಾಗಿರುವುದು ಆರನೇ ತರಗತಿಯ ಬಗ್ಗೆ.

ಮೊನ್ನೆ ಪೋಷಕರ ಸಭೆಯಲ್ಲಿ ಆರು ಮತ್ತು ಏಳನೇ ತರಗತಿಯ ಫಲಿತಾಂಶ ಓದಿ ಹೇಳಿದರು. ಅರ್ಧಕ್ಕೂ ಜಾಸ್ತಿ ಮಕ್ಕಳು ಬಿ ಮತ್ತು ಸಿ ಗ್ರೇಡ್. ಗಣಿತದಲ್ಲಂತೂ ಕೇಳುವುದೇ ಬೇಡ. ನಾನೂ ಇದೇ ಶಾಲೆಯಲ್ಲಿ ಓದಿದವಳು. ಆಗ ಈ ಶಾಲೆಗೆ ಒಳ್ಳೆ ಹೆಸರಿತ್ತು. ತರಗತಿಯಲ್ಲಿ ಇದ್ದವರೆಲ್ಲ ನಮ್ಮ ಕೇರಿಯ ಮಕ್ಕಳೇ. ಈಗ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರು ಜಾಸ್ತಿ. ಒಡಿಶಾ, ಜಾರ್ಖಂಡ್‌ನವರೂ ಇದ್ದಾರೆ. ದಕ್ಕೆಯಲ್ಲಿ (ಮೀನುಗಾರಿಕಾ ಬಂದರು), ಕಟ್ಟಡದ ಕೆಲಸದಲ್ಲಿ ದುಡಿಯುವವರ ಮಕ್ಕಳು. ಆ ಮಕ್ಕಳ ಮೇಲೆ ನನಗೆ ಏನೂ ಬೇಸರವಿಲ್ಲ. ಮಗಳ ಜೀವದ ಗೆಳತಿಯೇ ಕೊಪ್ಪಳದವಳು.

ಗಂಡ ಬೋಟಿನಲ್ಲಿ. ದಡಕ್ಕೆ ಬಂದಾಗಲೆಲ್ಲ "ಎಂತ ಮಾಡುವ ಇವಳನ್ನು?" ಎಂದು ಕೇಳುತ್ತಾರೆ. ನಾದಿನಿಯ ಮಕ್ಕಳೆಲ್ಲ ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಶಾಲೆಯ ಮಾರ್ಕು ಕಡಿಮೆ ಬಂತು ಎಂದರೆ ಪಾಠ ಸರಿಯಿಲ್ಲ ಎಂದೇ ಅರ್ಥವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಂತೆಕಟ್ಟೆ ಬೈಕರ್

ಬಿಡಿಸಿ ಅಕ್ಕ, ಯೋಚನೆಯೇ ಬೇಡ. ಆರನೇ ತರಗತಿ ದಾಟಿದರೆ ಇಂಗ್ಲಿಷ್ ಮೀಡಿಯಂಗೆ ಹೊಂದಿಕೊಳ್ಳುವುದು ಕಷ್ಟ. ನಾನು ಏಳರವರೆಗೆ ಕನ್ನಡದಲ್ಲಿ ಓದಿ, ಎಂಟಕ್ಕೆ ಬದಲಾಯಿಸಿ ಒದ್ದಾಡಿದ್ದು ನನಗೇ ಗೊತ್ತು. ತರಗತಿಯಲ್ಲಿ ಅರ್ಧ ಜನಕ್ಕೆ ಓದಲು ಬರದಿದ್ದರೆ ಟೀಚರ್ ಯಾರಿಗೆ ಅಂತ ಪಾಠ ಮಾಡುವುದು ಮಾರಾಯ್ರೆ? ಬುದ್ಧಿವಂತ ಮಕ್ಕಳು ಸುಮ್ನೆ ಕೂತಿರಬೇಕು ಅಷ್ಟೆ.

ನಿರ್ವಾಹಕರು

ಮೇಲಿನ ಉತ್ತರದ ಕೊನೆಯ ಎರಡು ಸಾಲು ತೆಗೆದಿದ್ದೇವೆ. ಊರಿನ ಹೆಸರು ಹಿಡಿದು ಮಕ್ಕಳನ್ನು ಹೀಯಾಳಿಸುವುದು ಇಲ್ಲಿ ಬೇಡ.

ಡೇಟಾ ಮಾಣಿ

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಬರೀ ಆ ಮಾರ್ಕು ನೋಡಿ ಹೇಳಲು ಬರುವುದಿಲ್ಲ. ಕಾರಣ ಹೇಳುತ್ತೇನೆ.

ಐದನೇ ತರಗತಿ ಮುಗಿಯುವಾಗ ಸರ್ಕಾರಿ ಶಾಲೆಯಿಂದ ಯಾರು ಹೊರಗೆ ಹೋಗುತ್ತಾರೆ ನೋಡಿ. ನವೋದಯಕ್ಕೆ ಆರನೇ ತರಗತಿಗೆ ಪ್ರವೇಶ. ಉಡುಪಿ ಜಿಲ್ಲೆಯದ್ದು ಚೇರ್ಕಾಡಿಯಲ್ಲಿ, ದಕ್ಷಿಣ ಕನ್ನಡದ್ದು ಮುಡಿಪುವಿನಲ್ಲಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಆರಕ್ಕೇ ಪ್ರವೇಶ ಪರೀಕ್ಷೆ. ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ಸಿಕ್ಕಿದವರು ಬೇರೆ ಊರಿಗೆ ಹೋಗುತ್ತಾರೆ. ಸ್ವಲ್ಪ ದುಡ್ಡು ಕೂಡಿಟ್ಟ ಮನೆಯವರು ಇದೇ ಹೊತ್ತಿಗೆ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಾರೆ. ಅಂದರೆ ತರಗತಿಯ ಮೇಲಿನ ಸಾಲಿನ ಮಕ್ಕಳು ಒಟ್ಟಿಗೇ ಖಾಲಿ. ಅದೇ ವರ್ಷ ಬೇರೆ ಊರುಗಳಿಂದ ಹೊಸಬರು ಬಂದು ಸೇರುತ್ತಾರೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಇದು ಯಾವ ಶಾಲೆಯದ್ದೂ ಅಲ್ಲ, ನಾನೇ ಹಾಕಿದ ಅಂಕಿ. ಐದನೇ ತರಗತಿಯಲ್ಲಿ 30 ಮಕ್ಕಳು, ಅವರಲ್ಲಿ 10 ಮಂದಿಗೆ ಎ ಗ್ರೇಡ್. ಆ ಹತ್ತರಲ್ಲಿ 6 ಮಂದಿ ಬೇರೆ ಕಡೆ ಹೋದರು. ಉಳಿದವರು 24. ದೀಪಾವಳಿಯ ಒಳಗೆ ಬೇರೆ ಊರುಗಳಿಂದ 12 ಮಕ್ಕಳು ಬಂದು ಸೇರಿದರು. ಹೊಸಬರಲ್ಲಿ ಯಾರಿಗೂ ಎ ಇಲ್ಲ ಎಂದಿಟ್ಟುಕೊಳ್ಳಿ. ಈಗ ಒಟ್ಟು 36, ಎ ಗ್ರೇಡಿನವರು 4. ಮೂರರಲ್ಲಿ ಒಬ್ಬರಿದ್ದದ್ದು ಒಂಬತ್ತರಲ್ಲಿ ಒಬ್ಬರಾಯಿತು. ಇಷ್ಟಾಗುವಾಗ ಯಾವ ಟೀಚರೂ ಕೆಟ್ಟದಾಗಿ ಪಾಠ ಮಾಡಲಿಲ್ಲ. ಅಲ್ಲೇ ಉಳಿದ ಯಾವ ಮಗುವಿನ ಮಾರ್ಕೂ ಇಳಿಯಲಿಲ್ಲ. ಸಭೆಯಲ್ಲಿ ಓದುವಾಗ ಮಾತ್ರ ಶಾಲೆ ಬಿದ್ದು ಹೋಯಿತು ಅಂತ ಕೇಳಿಸುತ್ತದೆ.

ಹಾಗಾಗಿ ನೀವು ಕೇಳಬೇಕಾದ್ದು ಬೇರೆ. ಒಂದನೇ ತರಗತಿಯಿಂದ ಇದೇ ಶಾಲೆಯಲ್ಲಿದ್ದು ಈಗ ಏಳರಲ್ಲಿರುವ ಮಕ್ಕಳು ಹೇಗಿದ್ದಾರೆ? ನಿಮ್ಮ ಮಗಳು ಆ ಗುಂಪಿಗೆ ಸೇರಿದವಳು.

ಸಂತೆಕಟ್ಟೆ ಬೈಕರ್

ಲೆಕ್ಕ ಚಂದ ಉಂಟು. ಆದರೆ ಬುದ್ಧಿವಂತರೆಲ್ಲ ಹೋದ ಮೇಲೆ ಅಲ್ಲಿ ಉಳಿದ ಮಗುವಿಗೆ ಪೈಪೋಟಿ ಎಲ್ಲಿಂದ ಬರಬೇಕು? ಅದೂ ಒಂದು ಲೆಕ್ಕವೇ ಅಲ್ವಾ?

ಡೇಟಾ ಮಾಣಿ

ಹೌದು, ಅದನ್ನು ಒಪ್ಪುತ್ತೇನೆ. ಜೊತೆಯವರು ಹೇಗಿದ್ದಾರೆ ಎನ್ನುವುದು ಮಗುವಿಗೆ ಮುಖ್ಯ. ಶಾಲೆ ಕೆಟ್ಟಿತು ಎನ್ನುವ ಮಾತಿಗೂ ಜೊತೆಯವರು ಬದಲಾದರು ಎನ್ನುವ ಮಾತಿಗೂ ವ್ಯತ್ಯಾಸ ಇದೆ ಅಂತ ಮಾತ್ರ ನಾನು ಹೇಳಿದ್ದು.

ನಿವೃತ್ತ ಮಾಷ್ಟ್ರು

ಇಡೀ ಜಿಲ್ಲೆಯ ಮಟ್ಟಕ್ಕೂ ಮಾಣಿ ಹೇಳಿದ್ದೇ ಅನ್ವಯ ಆಗುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ನಾವೆಲ್ಲ ಎದೆ ಉಬ್ಬಿಸುತ್ತೇವೆ. 2024ರಲ್ಲಿ ಉಡುಪಿ 94% ಬಂದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ 92.12% ಬಂದು ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡು. ಸರಿ. ಆದರೆ 2023ರಲ್ಲಿ ಉಡುಪಿ 18ನೇ ಸ್ಥಾನದಲ್ಲಿತ್ತು, ದಕ್ಷಿಣ ಕನ್ನಡ 19ನೇ ಸ್ಥಾನದಲ್ಲಿ. ಅದು ಎಷ್ಟು ಜನಕ್ಕೆ ನೆನಪಿದೆ?

ಒಂದೇ ವರ್ಷದಲ್ಲಿ 18ರಿಂದ 1ಕ್ಕೆ ಜಿಗಿಯಲು ನಮ್ಮ ಮಾಷ್ಟ್ರುಗಳು ಎಂತ ಮಂತ್ರ ಹಾಕಿದರು? ಎಂತದೂ ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಗ್ರೇಸ್ ಮಾರ್ಕು ಜಾಸ್ತಿ ಕೊಟ್ಟರೂ ರಾಜ್ಯದ ಫಲಿತಾಂಶ 83.89%ನಿಂದ 73.40%ಗೆ ಇಳಿಯಿತು. ಬೇರೆಯವರು ಕೆಳಗೆ ಹೋದರು, ನಾವು ಬೀಳದೆ ಉಳಿದು ಮೇಲೆ ಕಂಡೆವು.

ಇನ್ನೊಂದು ವಿಷಯ. ಆ ಶೇಕಡಾವಾರಿನಲ್ಲಿ ಬರುವುದು ಪರೀಕ್ಷೆಗೆ ಕೂತವರು ಮಾತ್ರ. ಏಳನೇ ತರಗತಿಯಲ್ಲೇ ಟಿಸಿ ತೆಗೆದುಕೊಂಡು ಎಲ್ಲಿಯೂ ಸೇರದ ಮಗು ಯಾವ ಜಿಲ್ಲೆಯ ಲೆಕ್ಕದಲ್ಲಿಯೂ ಇರುವುದಿಲ್ಲ.

ಜಿಪಿಟಿ ಗಣಿತ

ನಾನು ಮಂಗಳೂರು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಮೇಲೆ ಗಣಿತ, ವಿಜ್ಞಾನ ತೆಗೆದುಕೊಳ್ಳುತ್ತೇನೆ. ನಮ್ಮದೂ ಬಂದರಿಗೆ ಹತ್ತಿರದ ಶಾಲೆ. ತೊಟ್ಟಂ ಅಮ್ಮ ಬರೆದದ್ದು ಓದುವಾಗ ನಮ್ಮ ಶಾಲೆಯ ಕಥೆಯೇ ಅನಿಸಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಕ್ಯಾಲೆಂಡರ್. ಮೇ ಕೊನೆಗೆ ಶಾಲೆ ಶುರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಕೆಲಸವಿಲ್ಲ, ಹಾಗಾಗಿ ಘಟ್ಟದ ಮೇಲಿನ ಕುಟುಂಬಗಳು ಊರಿಗೆ ಹೋಗಿರುತ್ತವೆ. ಅಲ್ಲಿ ಮುಂಗಾರು ಬಿತ್ತನೆಯೂ ಇರುತ್ತದೆ. ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ವಾಪಸ್. ಆ ಹೊತ್ತಿಗೆ ಮೊದಲ ರೂಪಣಾತ್ಮಕ ಮೌಲ್ಯಮಾಪನ (ಕಿರು ಪರೀಕ್ಷೆ) ಮುಗಿದಿರುತ್ತದೆ. ನಾನು ಆರನೇ ತರಗತಿಗೆ ಪೂರ್ಣ ಸಂಖ್ಯೆ ಮುಗಿಸಿ ಭಿನ್ನರಾಶಿಗೆ ಕೈ ಹಾಕಿರುತ್ತೇನೆ. ಆ ಮಕ್ಕಳು ಎರಡು ತಿಂಗಳು ಪುಸ್ತಕ ಮುಟ್ಟದೆ ಬಂದಿರುತ್ತಾರೆ. ಊರಿನ ಮಕ್ಕಳಿಗೂ ಜೂನ್, ಜುಲೈನಲ್ಲಿ ಮಳೆ ರಜೆ ಇರುತ್ತದೆ ಎನ್ನಿ. ಜಿಲ್ಲಾಧಿಕಾರಿ ರಜೆ ಕೊಟ್ಟರಾ ಅಂತ ರಾತ್ರಿಯಿಡೀ ಮೊಬೈಲ್ ನೋಡುವವರು ಮಕ್ಕಳಷ್ಟೇ ಅಲ್ಲ, ನಾವೂ!

ಆಮೇಲೆ ಹಬ್ಬ, ಜಾತ್ರೆ. ದೀಪಾವಳಿಗೆ ಹೋದವರು ಬರುವುದು ತಡ. ಜನವರಿಯಲ್ಲಿ ಬನಶಂಕರಿ ಜಾತ್ರೆ. ಪಂಚಾಯತ್ ಚುನಾವಣೆ ಬಂದರೆ ಮನೆಮಂದಿಯೆಲ್ಲ ಹೋಗುತ್ತಾರೆ. ವರ್ಷದ ಕೊನೆಯ ಪರೀಕ್ಷೆಗೆ ಕೂತವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಾಕಿ "ಇದು ನಿಮ್ಮ ಫಲಿತಾಂಶ" ಎಂದರೆ ಅದು ಬೋಟು ಬರುವ ಮೊದಲೇ ಮೀನು ತೂಗಿದ ಹಾಗೆ.

ಎರಡನೆಯದು, ಭಾಷೆ. ನನ್ನ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಉತ್ತರ ಕರ್ನಾಟಕದ ಕನ್ನಡ, ಉರ್ದು, ಹಿಂದಿ, ಒಡಿಯಾ ಎಲ್ಲ ಇವೆ. ಹೊರಗಿನವರು ತಿಳಿದುಕೊಂಡಿರುವುದು ಏನೆಂದರೆ, ಘಟ್ಟದ ಮೇಲಿನ ಮಕ್ಕಳಿಂದ ಕನ್ನಡದ ಮಟ್ಟ ಇಳಿಯುತ್ತದೆ ಅಂತ. ನಮ್ಮಲ್ಲಿ ತಿರುಗಾ ಮುರುಗಾ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಅವರೇ! ಊರಿನ ಮಕ್ಕಳಿಗೆ ಕನ್ನಡ ಶಾಲೆಯ ಭಾಷೆ. ಆರನೇ ತರಗತಿಗೆ ಹಿಂದಿ ಬಂದಾಗ ಜಾರ್ಖಂಡ್‌ನ ಹುಡುಗ ಪಟಪಟ ಮಾತಾಡುತ್ತಾನೆ, ಉಳಿದವರು ಅವನ ಮುಖ ನೋಡುತ್ತಾರೆ. ಅವನಿಗೆ ಕಷ್ಟ ಆಗುವುದು ಸಮಾಜ ವಿಜ್ಞಾನ. ಕನ್ನಡ ಲಿಪಿಯೇ ಹೊಸದು. ಮೂರು ಪುಟ ಪಾಠ ಓದಿ ಉತ್ತರ ಬರೆ ಅಂದರೆ ಏನು ಬರೆಯುತ್ತಾನೆ? ಅದೇ ಹುಡುಗನಿಗೆ ಬಾಯಿಲೆಕ್ಕ ಕೊಟ್ಟು ನೋಡಿ. ಅಪ್ಪನ ಜೊತೆ ಕೂಲಿ ಲೆಕ್ಕ ಹಾಕಿ ಹಾಕಿ ಅಭ್ಯಾಸ.

ಮೂರನೆಯದು, ಇದು ಯಾರೂ ಸಭೆಯಲ್ಲಿ ಕೇಳದ ವಿಷಯ: ಪಾಠ ಮಾಡಲು ಯಾರಿದ್ದಾರೆ? ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆ, ಒಂದೊಂದಕ್ಕೆ ಕನಿಷ್ಠ ಒಬ್ಬೊಬ್ಬರು. ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು. ಅವರು ಬರುವ ಹೊತ್ತಿಗೆ ಜೂನ್ ಕಳೆದಿರುತ್ತದೆ. ಸಂಬಳ ಹತ್ತು ಹನ್ನೆರಡು ಸಾವಿರ. ಬೇರೆ ಒಳ್ಳೆ ಕೆಲಸ ಸಿಕ್ಕಿದರೆ ನವೆಂಬರ್‌ನಲ್ಲಿ ಹೋಗುತ್ತಾರೆ, ತಪ್ಪೂ ಅಲ್ಲ. ಖಾಯಂ ಇದ್ದವರಿಗೆ ಬೇರೆ ಕೆಲಸ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಾವೇ ಮನೆ ಮನೆ ಸುತ್ತಿದ್ದು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಆ ಪಾಠ ಮತ್ತೆ ಯಾವಾಗ ಮಾಡುವುದು?

ಬೈಕರ್ ಅಣ್ಣ ಕೇಳಿದ್ದಕ್ಕೆ ಉತ್ತರ: ಹೌದು, ಆರನೇ ತರಗತಿಯಲ್ಲಿ ಓದಲು ಕಷ್ಟಪಡುವ ಮಕ್ಕಳು ಇದ್ದಾರೆ. ಅವರಲ್ಲಿ ಊರಿನವರೂ ಇದ್ದಾರೆ. ನಾನು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವರನ್ನು ಬೇರೆ ಕೂರಿಸಿ ಓದಿಸುತ್ತೇನೆ. ತರಗತಿ ಹೊತ್ತಿನಲ್ಲಿ ಮುಂದಿರುವ ಮಕ್ಕಳಿಗೆ ಬೇರೆ ಲೆಕ್ಕ ಕೊಡುತ್ತೇನೆ. ಎಲ್ಲ ದಿನ ಇದು ಆಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ತೊಟ್ಟಂ ಅಮ್ಮ

ಟೀಚರ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಗಣಿತಕ್ಕೆ ಈ ವರ್ಷ ಅತಿಥಿ ಶಿಕ್ಷಕಿ ಇದ್ದಾರೆ ಅಂತ ಮಗಳು ಹೇಳಿದ ನೆನಪು. ಸಭೆಯಲ್ಲಿ ಆ ಮಾತೇ ಬರಲಿಲ್ಲ.

ಉಳ್ಳಾಲ ಕಡಲು

ಇಲ್ಲಿ ಎಲ್ಲರೂ ಘಟ್ಟದ ಮೇಲಿನವರ ಬಗ್ಗೆಯೇ ಮಾತಾಡುತ್ತಿದ್ದೀರಿ. ಊರಿನವರು ಎಲ್ಲಿ ಹೋದರು ಅಂತಲೂ ಕೇಳಬೇಕಲ್ವಾ? ಸರ್ಕಾರಿ ಶಾಲೆಯಲ್ಲಿ ಬೇರೆ ಊರಿನ ಮಕ್ಕಳು ಜಾಸ್ತಿ ಕಾಣುವುದು ಅವರು ಬಂದದ್ದಕ್ಕೆ ಮಾತ್ರ ಅಲ್ಲ, ನಾವು ಬಿಟ್ಟು ಹೋದದ್ದಕ್ಕೆ. ಅವರು ಬರದಿದ್ದರೆ ಎಷ್ಟೋ ಶಾಲೆಗೆ ಬೀಗ ಬೀಳುತ್ತಿತ್ತು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಶಿಕ್ಷಕರನ್ನು "ಹೆಚ್ಚುವರಿ" ಎಂದು ಬೇರೆ ಶಾಲೆಗೆ ಕಳಿಸುತ್ತಾರೆ. ಅಂದರೆ ನಮ್ಮೂರಿನ ನಾಲ್ಕು ಮಕ್ಕಳಿಗೆ ಇವತ್ತು ಟೀಚರ್ ಇದ್ದರೆ ಅದು ಆ ಮಕ್ಕಳ ಹಾಜರಿಯಿಂದ.

ಬಿಟ್ಟು ಹೋದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಗಲ್ಫ್ ದುಡ್ಡು ಬಂದ ಮನೆಯವರು. ಆಮೇಲೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 25% ಸೀಟು ಬಂದಾಗ ಬಡವರೂ ಖಾಸಗಿ ಶಾಲೆಗೆ ಹೋದರು. ನಾನೂ ದೊಡ್ಡ ಮಗನಿಗೆ ಅರ್ಜಿ ಹಾಕಿದ್ದೆ. 2019ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂತ ನಿಯಮ ಬದಲಾಯಿತು. ಆದರೂ ಜನ ವಾಪಸ್ ಬರಲಿಲ್ಲ, ಸಾಲ ಮಾಡಿ ಫೀಸು ಕಟ್ಟಿದರು.

ನನ್ನ ಸಣ್ಣ ಮಗಳು ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗದಲ್ಲಿ ಇದ್ದಾಳೆ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಶುರು ಮಾಡಿದರಲ್ಲ, ಆ ರೀತಿಯದ್ದು. ಅದರಿಂದ ಊರಿನವರು ಕೆಲವರು ವಾಪಸ್ ಬಂದರು, ಅದು ಖುಷಿ. ಒಂದು ವಿಷಯ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಇಂಗ್ಲಿಷ್ ವಿಭಾಗದಲ್ಲಿ ಊರಿನ ಮಕ್ಕಳು, ಕನ್ನಡ ವಿಭಾಗದಲ್ಲಿ ಕೂಲಿಯವರ ಮಕ್ಕಳು. ಬಿಸಿಯೂಟ ಒಂದೇ ಜಗಲಿಯಲ್ಲಿ, ಪಾಠ ಬೇರೆ ಬೇರೆ. ಪೋಷಕರ ಸಭೆಯಲ್ಲಿ ಎರಡು ವಿಭಾಗದ ಮಾರ್ಕು ಹೋಲಿಸಿ "ಇಂಗ್ಲಿಷ್ ಮೀಡಿಯಂ ಮಕ್ಕಳು ಹುಷಾರು" ಎಂದು ಒಬ್ಬರು ಹೇಳಿದಾಗ ಸುಮ್ಮನಿರಲು ಆಗಲಿಲ್ಲ.

ನಿವೃತ್ತ ಮಾಷ್ಟ್ರು

ಕಡಲಣ್ಣ ಹೇಳಿದ್ದು ಸರಿ. ಈ ಜಿಲ್ಲೆಯಲ್ಲಿ ಯಾರು ಯಾರ ಜೊತೆ ಕೂತು ಓದಬೇಕು ಎನ್ನುವುದು ಇವತ್ತಿನ ಜಗಳ ಅಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರದೇ ಜಾತಿಯವರು ಅವರನ್ನು ದೂರ ಇಟ್ಟರು. ನಿಮ್ಮ ಉಳ್ಳಾಲದ ಹತ್ತಿರದ ಹರೇಕಳದಲ್ಲೇ ಹಾಜಬ್ಬರು ಕಿತ್ತಳೆ ಮಾರಿ ಶಾಲೆ ಕಟ್ಟಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಪೇಟೆಯವರಿಗೆಲ್ಲ ಆ ಊರಿನ ಹೆಸರು ಗೊತ್ತಾಯಿತು.

ಸಂತೆಕಟ್ಟೆ ಬೈಕರ್

ಮಾಷ್ಟ್ರೆ, ಇತಿಹಾಸ ಒಳ್ಳೆಯದೇ. ಆದರೆ ಅಕ್ಕನ ಮಗಳು ಓದುವುದು ಈ ವರ್ಷ. ಸಮಾಜ ಸುಧಾರಣೆಗೆ ಅವಳ ಆರನೇ ತರಗತಿ ಯಾಕೆ ಖರ್ಚು ಮಾಡಬೇಕು?

ಬಾದಾಮಿ ಹುಡುಗ

ಬೈಕರ್ ಅಣ್ಣನವರೆ, ನೀವು ಹೇಳುವ ಆ "ಓದಲು ಬರದವರಲ್ಲಿ" ನಾನೂ ಒಬ್ಬನಿದ್ದೆ. ಉಡುಪಿಗೆ ಬಂದಾಗ ನಾನು ಆರನೇ ತರಗತಿ. ಬೀಡಿನಗುಡ್ಡೆ ಕಡೆ ಶೆಡ್ಡಿನಲ್ಲಿ ಇದ್ದೆವು. ಅಪ್ಪ, ಅವ್ವ ಇಬ್ಬರೂ ಗಾರೆ ಕೆಲಸ. ಈಗ ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ.

ಊರಿನ ಶಾಲೆಯಲ್ಲಿ ನಾನು ಮುಂದಿನ ಬೆಂಚಿನವನು. ಇಲ್ಲಿ ಬಂದ ಮೇಲೆ ಟಿಸಿ ಇಲ್ಲ ಎಂದು ಒಂದು ಶಾಲೆಯಲ್ಲಿ ಸೇರಿಸಿಕೊಳ್ಳಲಿಲ್ಲ. ಅವ್ವ ಟಿಸಿ ತರಲು ಊರಿಗೆ ಹೋದರೆ ಕೂಲಿ ಹೋಗುತ್ತದೆ. ಹಾಗೇ ದಸರಾ ಮುಗಿಯಿತು. ಆಮೇಲೆ ಇನ್ನೊಂದು ಶಾಲೆಯ ಹೆಡ್‌ಮಾಸ್ಟರ್ "ಟಿಸಿ ಆಮೇಲೆ ಕೊಡಿ, ನಾಳೆಯಿಂದ ಕಳಿಸಿ" ಎಂದರು. ಪಾಠ ಅರ್ಥವಾಗುತ್ತಿತ್ತು. ಉತ್ತರ ಹೇಳಲು ಎದ್ದರೆ ನನ್ನ ಮಾತಿಗೆ ಹುಡುಗರು ನಗುತ್ತಿದ್ದರು, ಅದಕ್ಕೆ ಏಳುವುದನ್ನೇ ಬಿಟ್ಟೆ. ಟೀಚರ್‌ಗೆ ಇವನಿಗೆ ಏನೂ ಬರುವುದಿಲ್ಲ ಅನಿಸಿತು. ಆ ವರ್ಷದ ನನ್ನ ಸಿ ಗ್ರೇಡ್ ಆ ಶಾಲೆಯ ಲೆಕ್ಕಕ್ಕೆ ಸೇರಿತು. ನಾನು ಅಲ್ಲಿ ಕೂತದ್ದು ನಾಲ್ಕೈದು ತಿಂಗಳು ಮಾತ್ರ.

ನನ್ನ ಅಕ್ಕನ ಕಥೆ ಬೇರೆ. ನನಗಿಂತ ಜಾಣೆ. ತಮ್ಮ ಸಣ್ಣವನು, ಅವನನ್ನು ನೋಡಿಕೊಳ್ಳಲು ವಾರದಲ್ಲಿ ಎರಡು ಮೂರು ದಿನ ಶೆಡ್ಡಿನಲ್ಲೇ ಉಳಿಯುತ್ತಿದ್ದಳು. ಹಾಜರಿ ಕಡಿಮೆ, ಮಾರ್ಕು ಕಡಿಮೆ. ಏಳನೇ ತರಗತಿ ಆದ ಮೇಲೆ ಹೈಸ್ಕೂಲು ದೂರ, ಬಸ್ಸಿಗೆ ದುಡ್ಡು. ಅಲ್ಲಿಗೆ ನಿಂತಳು. ಈಗ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಂತಾರೆ, ಆದರೆ ಉಡುಪಿಯಲ್ಲಿ ಓಡುವುದು ಬಹಳ ಮಟ್ಟಿಗೆ ಪ್ರೈವೇಟ್ ಬಸ್ಸು ಅಲ್ವಾ?

ಯಾರ ಮೇಲೂ ಸಿಟ್ಟಿಲ್ಲ. ಕೂಲಿಯವರ ಮಕ್ಕಳು ಬಂದರೆ ಮಟ್ಟ ಇಳಿಯುತ್ತದೆ ಎಂದು ಹೇಳುವ ಮುಂಚೆ ಆ ಮಗು ಯಾವಾಗ ಬಂತು, ವರ್ಷದಲ್ಲಿ ಎಷ್ಟು ದಿನ ಕೂತಿತು ಅಂತ ಒಂದು ಸಲ ಕೇಳಿ.

ಕಲ್ಮಾಡಿ ಎಸ್‌ಡಿಎಂಸಿ

ತಮ್ಮ, ನಿಮ್ಮನ್ನು ಸೇರಿಸಿಕೊಳ್ಳದ ಶಾಲೆ ಮಾಡಿದ್ದು ಈಗಿನ ಕಾನೂನಿಗೆ ವಿರುದ್ಧ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್: ಟಿಸಿ ತಡವಾಯಿತು ಎಂದು ಪ್ರವೇಶ ನಿರಾಕರಿಸುವ ಹಾಗಿಲ್ಲ. 4ನೇ ಸೆಕ್ಷನ್: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಜೊತೆಯವರ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಸೇರಿಸುವುದು ಈಗ ಹೆಚ್ಚು ಕಡಿಮೆ ಎಲ್ಲ ಕಡೆ ಆಗುತ್ತಿದೆ. ಆ ವಿಶೇಷ ತರಬೇತಿ ಮಾತ್ರ ಕಾಗದದಲ್ಲೇ ಉಳಿಯುತ್ತದೆ. ಯಾರು ಕೊಡುವುದು? ಇದ್ದ ಟೀಚರೇ ಕೊಡಬೇಕು.

ತೊಟ್ಟಂ ಅಮ್ಮನಿಗೆ ಒಂದೆರಡು ಮಾತು. ನಾನು ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಇರುವುದರಿಂದ ಹೇಳುತ್ತೇನೆ. ಯುಡೈಸ್ ಪ್ಲಸ್ ಎನ್ನುವ ಸರ್ಕಾರಿ ಶಾಲಾ ಮಾಹಿತಿ ಜಾಲತಾಣದಲ್ಲಿ ನಿಮ್ಮ ಶಾಲೆಯ 11 ಅಂಕಿಯ ಕೋಡ್ ಹಾಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಹುಡುಗ ಹುಡುಗಿಯರ ಲೆಕ್ಕ, ಶಿಕ್ಷಕರು ಎಷ್ಟು, ಕೊಠಡಿ ಎಷ್ಟು ಎಲ್ಲ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು. ಹಿಂದಿನ ವರ್ಷಗಳದ್ದೂ ನೋಡಿ, ಐದರಿಂದ ಆರಕ್ಕೆ ಹೋಗುವಾಗ ಸಂಖ್ಯೆ ಹೇಗೆ ಬದಲಾಗಿದೆ ಅಂತ. ಆದರೆ ವರ್ಷದ ಮಧ್ಯೆ ಎಷ್ಟು ಮಕ್ಕಳು ಬಂದರು, ಎಷ್ಟು ಹೋದರು ಎನ್ನುವುದು ಅಲ್ಲಿ ಕಾಣುವುದಿಲ್ಲ. ಅದು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ಇರುತ್ತದೆ.

ಕಳೆದ ವರ್ಷ ನಾವು ಮುಖ್ಯ ಶಿಕ್ಷಕರಿಗೆ ಹೇಳಿ ಫಲಿತಾಂಶವನ್ನು ಎರಡು ಪಟ್ಟಿ ಮಾಡಿಸಿದೆವು. ಒಂದು, ಜೂನ್‌ನಿಂದ ಮಾರ್ಚ್‌ವರೆಗೆ ಇದ್ದವರು. ಇನ್ನೊಂದು, ಮಧ್ಯದಲ್ಲಿ ಸೇರಿದವರು. ಮೊದಲ ಪಟ್ಟಿ ನೋಡಿ ಪೋಷಕರ ಗಲಾಟೆ ಅರ್ಧ ಕಡಿಮೆಯಾಯಿತು. ಎರಡನೇ ಪಟ್ಟಿ ನೋಡಿ ನಾವು ತಲೆ ಕೆಡಿಸಿಕೊಂಡೆವು. ಹಳೆ ವಿದ್ಯಾರ್ಥಿ ಸಂಘದವರು ಬಣ್ಣ ಹೊಡೆಸಲು ಇಟ್ಟಿದ್ದ ದುಡ್ಡಿನಲ್ಲಿ ಒಬ್ಬ ಗೌರವ ಶಿಕ್ಷಕಿಯನ್ನು ಇಟ್ಟೆವು, ತಡವಾಗಿ ಬಂದ ಮಕ್ಕಳಿಗೆ ಓದು ಬರಹಕ್ಕೆ ಅಂತಲೇ. ಗೋಡೆ ಇನ್ನೂ ಹಳೆ ಬಣ್ಣದ್ದೇ. ಅದಕ್ಕೂ ಬೈಗುಳ ತಿಂದೆವು ಬಿಡಿ.

ಡೇಟಾ ಮಾಣಿ

ಎರಡು ಪಟ್ಟಿ ಒಳ್ಳೆಯ ಕೆಲಸ. ಆದರೆ ಒಂದು ಎಚ್ಚರಿಕೆ: ಎರಡನೇ ಪಟ್ಟಿಯನ್ನು ಯಾರೂ "ಇವರು ನಮ್ಮ ಲೆಕ್ಕಕ್ಕಿಲ್ಲ" ಎಂದು ಪಕ್ಕಕ್ಕೆ ಇಡಬಾರದು. ಆ ಮಕ್ಕಳು ಬಂದ ದಿನ ಎಲ್ಲಿದ್ದರು, ಮಾರ್ಚ್‌ನಲ್ಲಿ ಎಲ್ಲಿಗೆ ಮುಟ್ಟಿದರು ಎನ್ನುವುದನ್ನೂ ಬರೆದಿಡಬೇಕು. ಅಕ್ಷರ ಕೂಡಿಸಿ ಓದುತ್ತಿದ್ದ ಮಗು ಮಾರ್ಚ್‌ಗೆ ಒಂದು ಪುಟ ಸಲೀಸಾಗಿ ಓದಿದರೆ ಅದು ದೊಡ್ಡ ಕೆಲಸ. ಈಗಿನ ಗ್ರೇಡ್ ಪದ್ಧತಿಯಲ್ಲಿ ಆ ಮಗು ಸಿ, ಅಷ್ಟೆ.

ಜಿಪಿಟಿ ಗಣಿತ

ನಾನು ಅದನ್ನೇ ಮಾಡುತ್ತೇನೆ. ಸೇರಿದ ವಾರವೇ ಒಂದು ಪ್ಯಾರಾ ಓದಿಸಿ, ನಾಲ್ಕು ಲೆಕ್ಕ ಕೊಟ್ಟು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಕೂಡುವುದು, ಕಳೆಯುವುದು, ದಶಕ ಬಿಡಿ, ಭಾಗಾಕಾರ. ಆರನೇ ತರಗತಿಯಲ್ಲಿ ಭಿನ್ನರಾಶಿ ಬರುವುದಿಲ್ಲ ಅಂದವರಲ್ಲಿ ಬಹಳ ಜನಕ್ಕೆ ನಿಜವಾಗಿ ಬಾರದೇ ಇರುವುದು ಭಾಗಾಕಾರ. ಅದನ್ನು ಸರಿ ಮಾಡದೆ ಪಾಠ ಮುಂದೆ ಓಡಿಸಿದರೆ ಏಳರಲ್ಲಿ ಋಣ ಸಂಖ್ಯೆ ಬಂದಾಗ ಪೂರಾ ಕೈಬಿಡುತ್ತಾರೆ. ಊರಿನ ಮಕ್ಕಳದ್ದೂ ಇದೇ ಕಥೆ.

ಸಂಜೆ ಶೆಡ್ಡಿನಲ್ಲಿ ಓದಲು ಬೆಳಕಿಲ್ಲ, ಜಾಗವಿಲ್ಲ ಎನ್ನುವ ಮಕ್ಕಳಿಗೆ ಹೋಂವರ್ಕ್ ಶಾಲೆಯಲ್ಲೇ ಮುಗಿಸಿಕೊಂಡು ಹೋಗಿ ಎನ್ನುತ್ತೇನೆ. ಹೋಂವರ್ಕ್ ಮಾಡಲಿಲ್ಲ ಎಂದು ಬೆಳಿಗ್ಗೆ ಬೈದರೆ ಮರುದಿನ ಬರುವುದೇ ಇಲ್ಲ.

ತೊಟ್ಟಂ ಅಮ್ಮ

ಎಲ್ಲರಿಗೂ ಧನ್ಯವಾದ. ಇವತ್ತು ಶಾಲೆಗೆ ಹೋಗಿ ಮುಖ್ಯ ಶಿಕ್ಷಕಿಯ ಹತ್ತಿರ ಕೇಳಿದೆ. ಒಂದನೇ ತರಗತಿಯಿಂದ ಇದ್ದವರು ಏಳರಲ್ಲಿ ಹೇಗಿದ್ದಾರೆ ಅಂತ. ಅವರು ಪುಸ್ತಕ ತೆಗೆದು ನನ್ನ ಎದುರೇ ಗುರುತು ಹಾಕಿದರು. ಅಂಥವರು ಇರುವುದೇ ಕೈಬೆರಳೆಣಿಕೆ. ಅವರಲ್ಲಿ ಒಂದಿಬ್ಬರನ್ನು ಬಿಟ್ಟು ಉಳಿದವರೆಲ್ಲ ಎ ಅಥವಾ ಬಿ ಪ್ಲಸ್. ಗಣಿತಕ್ಕೆ ಖಾಯಂ ಶಿಕ್ಷಕರು ಇಲ್ಲದೆ ಎರಡು ವರ್ಷ ಆಯಿತಂತೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದಿದ್ದಾರಂತೆ. ಅದನ್ನು ಸಭೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದರೆ ಇದ್ದವರೂ ಟಿಸಿ ಕೇಳುತ್ತಾರೆ ಅಮ್ಮ" ಎಂದರು. ಆ ಉತ್ತರ ನನಗೆ ಹಿಡಿಸಲಿಲ್ಲ. ಗೊತ್ತಾದರೆ ತಾನೆ ನಾವೂ ಕೇಳುವುದು?

ಗಂಡನಿಗೆ ಫೋನಿನಲ್ಲಿ ಹೇಳಿದೆ. ಆರನೇ ತರಗತಿಗೆ ಇಲ್ಲೇ ಇರಲಿ, ಗಣಿತಕ್ಕೆ ಮಾತ್ರ ಏನಾದರೂ ವ್ಯವಸ್ಥೆ ಆಗಬೇಕು ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಮುಂದಿನ ಎಸ್‌ಡಿಎಂಸಿ ಸಭೆಗೆ ನಾಲ್ಕೈದು ತಾಯಂದಿರು ಒಟ್ಟಿಗೆ ಹೋಗುತ್ತೇವೆ. ಮಗಳ ಗೆಳತಿಯ ಅವ್ವನನ್ನೂ ಕರೆದಿದ್ದೇನೆ. ದಕ್ಕೆ ಕೆಲಸ ಬೆಳಿಗ್ಗೆ ಮುಗಿಯುವುದರಿಂದ ಮಧ್ಯಾಹ್ನದ ಮೇಲೆ ಆದರೆ ಬರುತ್ತೇನೆ ಎಂದಿದ್ದಾರೆ. ಸಭೆ ಯಾವಾಗಲೂ ಬೆಳಿಗ್ಗೆ ಹತ್ತಕ್ಕೆ ಇಡುತ್ತಾರೆ, ಅದನ್ನೂ ಬದಲಾಯಿಸಲು ಹೇಳಬೇಕು.

ಸಂತೆಕಟ್ಟೆ ಬೈಕರ್

ನಾನಾದರೆ ಈಗಲೂ ಬಿಡಿಸುತ್ತಿದ್ದೆ ಅಕ್ಕ. ಎರಡು ವರ್ಷ ಗಣಿತ ಮಾಷ್ಟ್ರು ಇಲ್ಲದ ಶಾಲೆ! ಆದರೆ ನಿರ್ಧಾರ ನಿಮ್ಮದು. ನನ್ನ ತಂಗಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಇದ್ದಾಳೆ, ಶನಿವಾರ ಮಧ್ಯಾಹ್ನ ಗಣಿತ ಹೇಳಿಕೊಡಲು ಕಲ್ಮಾಡಿಯವರಿಗೆ ಬೇಕಿದ್ದರೆ ಕೇಳಿ ನೋಡುತ್ತೇನೆ.

ಕಲ್ಮಾಡಿ ಎಸ್‌ಡಿಎಂಸಿ

ಬೇಕು. ಮೆಸೇಜ್ ಮಾಡಿದ್ದೇನೆ ನೋಡಿ.

ಜಿಪಿಟಿ ಗಣಿತ

ತೊಟ್ಟಂ ಅಮ್ಮ, ಇನ್ನೊಂದು ವಿಷಯ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎನ್ನುವ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷದ ಒಳಗಿರಬೇಕು, ಏಳನೇ ತರಗತಿಯಲ್ಲಿ 55% ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 50%. ಸರ್ಕಾರಿ, ಸ್ಥಳೀಯ ಸಂಸ್ಥೆಯ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ. ಖಾಸಗಿ ಶಾಲೆಗೆ ಹೋದವರಿಗೆ ಇಲ್ಲ, ನವೋದಯ, ಮೊರಾರ್ಜಿಯಂಥ ವಸತಿ ಶಾಲೆಯವರಿಗೂ ಇಲ್ಲ. ನಿಮ್ಮದು ಏಳರವರೆಗಿನ ಶಾಲೆಯಾದರೆ ಎಂಟಕ್ಕೆ ಎಲ್ಲಿ ಸೇರಿಸುತ್ತೀರಿ ಎನ್ನುವುದು ಆಗ ಮುಖ್ಯ ಆಗುತ್ತದೆ. ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳಿಗೆ ಆರರಿಂದಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ. ಆ ಕೊಪ್ಪಳದ ಹುಡುಗಿಗೂ ಹೇಳಿ. ಆದಾಯ ಪ್ರಮಾಣಪತ್ರ ಅವರ ಊರಿನ ನಾಡಕಚೇರಿಯಿಂದ ಬೇಕಾಗಬಹುದು, ರಜೆಯಲ್ಲಿ ಹೋದಾಗ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ತೊಟ್ಟಂ ಅಮ್ಮ

ಹೇಳುತ್ತೇನೆ ಟೀಚರ್. ಮೇ ತಿಂಗಳಲ್ಲಿ ಅವರು ಊರಿಗೆ ಹೊರಡುವ ಮುಂಚೆ ನೆನಪು ಮಾಡುತ್ತೇನೆ.